ಊರಲ್ಲಿ ಒಬ್ಬ, ಬೆಂಗಳೂರಲ್ಲಿ ಇನ್ನೊಬ್ಬ: ಇದರಲ್ಲಿ ನಿಜವಾದ ನಾನು ಯಾರು?

ನಿಮ್ಮ ಪ್ರಶ್ನೆಯನ್ನು ಎರಡು ಮೂರು ಸಲ ಓದಿದೆ. ಮೂಡಿಗೆರೆ ಕಡೆಯವರು, ವಯಸ್ಸು 23, ಬೆಂಗಳೂರಲ್ಲಿ ಕೆಲಸ. ಆಫೀಸಿನಲ್ಲಿ ಎಲ್ಲರನ್ನೂ ನಗಿಸುವವರು ನೀವೇ. ಊರಿಗೆ ಬಂದ ಕೂಡಲೇ ಬಾಯಿ ಕಟ್ಟಿಹೋಗುತ್ತದೆ, ಅಪ್ಪನ ಮುಂದೆ ಹತ್ತು ವರ್ಷದ ಹುಡುಗ ಆಗಿಬಿಡುತ್ತೀರಿ. "ಇದರಲ್ಲಿ ನಿಜವಾದ ನಾನು ಯಾರು? ನನ್ನನ್ನು ನಾನೇ ಮಾಡಿಕೊಂಡಿದ್ದೋ, ಜನ ಮಾಡಿದ್ದೋ?" ಅಂತ ಕೇಳಿದ್ದೀರಿ.

ನಾನು ಚಿಕ್ಕಮಗಳೂರು ಜಿಲ್ಲೆಯಲ್ಲೇ ಹೈಸ್ಕೂಲ್ ಟೀಚರ್, ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಅದಕ್ಕಿಂತ ಮೊದಲು, ಹತ್ತು ವರ್ಷ 'ಮೂಗಿ' ಅಂತ ಕರೆಸಿಕೊಂಡವಳು. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನಮ್ಮಪ್ಪ ಕಳಸದ ಕಡೆ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಬೆಳಿಗ್ಗೆ ಆಳುಗಳ ಹಾಜರಿ ಬರೆಯುವುದು, ಕುಯ್ಲಿನ ಕಾಲದಲ್ಲಿ ಸಂಜೆ ಹಣ್ಣು ತೂಕ ಹಾಕಿಸುವುದು, ಬಟವಾಡೆಯ ಲೆಕ್ಕ, ಎಲ್ಲ ಅವರದ್ದೇ. ಗುಡ್ಡದ ಮೇಲೆ ಸಾಹುಕಾರರ ಬಂಗಲೆ. ಕೆಳಗೆ ಆಳುಗಳ ಸಾಲು ಮನೆಗಳು, ಅಂದರೆ ಲೈನ್ ಮನೆಗಳು. ಮಧ್ಯದಲ್ಲಿ ನಮ್ಮ ಮನೆ. ಬಂಗಲೆಯ ಮಕ್ಕಳು ಬೋರ್ಡಿಂಗ್ ಸ್ಕೂಲಿನಲ್ಲಿದ್ದರು, ರಜೆಗೆ ಬಂದರೂ ಗೇಟಿನ ಈಚೆ ಬರುತ್ತಿರಲಿಲ್ಲ. ಲೈನ್ ಮಕ್ಕಳ ಜೊತೆ ಆಡಲು ಅಮ್ಮ ಬಿಡುತ್ತಿರಲಿಲ್ಲ. "ರೈಟರ್ ಮಗಳು ನೀನು, ಜ್ಞಾಪಕ ಇಟ್ಕೋ" ಅನ್ನುತ್ತಿದ್ದರು. ಆರು ವರ್ಷದವರೆಗೂ ನಾನು ಜಗಲಿ ಮೇಲೆ ಕೂತು ಬೇರೆಯವರ ಆಟ ನೋಡಿದ್ದೇ ಜಾಸ್ತಿ.

ಶಾಲೆಗೆ ಸೇರಿದ ದಿನ ಮೇಷ್ಟ್ರು ಹೆಸರು ಕೇಳಿದರು. ಅಷ್ಟು ಜನರ ಮುಂದೆ ನನಗೆ ಸ್ವರವೇ ಹೊರಡಲಿಲ್ಲ. "ಎಂಥದು, ಇದು ಮೂಗಿನಾ?" ಅಂದರು. ಇಡೀ ಕ್ಲಾಸ್ ನಕ್ಕಿತು. ಅವರು ಆ ಮಾತನ್ನು ಸಂಜೆಯೊಳಗೆ ಮರೆತಿರಬೇಕು. ಮಕ್ಕಳು ಮರೆಯಲಿಲ್ಲ. ಎರಡನೇ ಕ್ಲಾಸಿಗೆ ಬರುವಷ್ಟರಲ್ಲಿ ನಾನೂ ಅದನ್ನು ಒಪ್ಪಿಕೊಂಡಿದ್ದೆ. ಉತ್ತರ ಗೊತ್ತಿದ್ದರೂ ಕೈ ಎತ್ತುತ್ತಿರಲಿಲ್ಲ. ಮೂಗಿ ಕೈ ಎತ್ತುತ್ತಾಳಾ?

ತುಂಬ ವರ್ಷದ ಮೇಲೆ ಬಿ.ಎ.ಯಲ್ಲಿ ಚಾರ್ಲ್ಸ್ ಹಾರ್ಟನ್ ಕೂಲಿ ಅನ್ನುವ ಅಮೆರಿಕದ ಸಮಾಜಶಾಸ್ತ್ರಜ್ಞರ ವಿಚಾರ ಓದಿದಾಗ ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕೂತಿದ್ದೆ. 1902ರಲ್ಲಿ ಅವರು ಹೇಳಿದ್ದು ಇಷ್ಟು: ಜನರೇ ನಮಗೆ ಕನ್ನಡಿ. ನಾನು ಅವರಿಗೆ ಹೇಗೆ ಕಾಣುತ್ತಿದ್ದೇನೆ ಅಂತ ಮೊದಲು ಊಹಿಸುತ್ತೇವೆ. ಅದನ್ನು ನೋಡಿ ಅವರು ಏನು ಅಂದುಕೊಂಡರು ಅಂತ ಆಮೇಲೆ ಊಹಿಸುತ್ತೇವೆ. ಅದರ ಮೇಲೆ ನಮಗೆ ಹೆಮ್ಮೆಯೋ ನಾಚಿಕೆಯೋ ಆಗುತ್ತದೆ. ಹೀಗೆ ದಿನಕ್ಕೆ ನೂರು ಸಲ ಆಗಿ ಆಗಿ 'ನಾನು ಇಂಥವಳು' ಅನ್ನುವುದು ಗಟ್ಟಿಯಾಗುತ್ತದೆ. ಇದರಲ್ಲಿ ಎರಡು ಕಡೆ 'ಊಹೆ' ಬಂದಿರುವುದನ್ನು ಗಮನಿಸಿ. ಅದಕ್ಕೆ ಆಮೇಲೆ ಬರುತ್ತೇನೆ.

ಕನ್ನಡಿ ಅಂದಮೇಲೆ ನಿಜವಾದ ಕನ್ನಡಿಯ ಕಥೆಯನ್ನೂ ಹೇಳಬೇಕು. 1970ರಲ್ಲಿ ಗಾರ್ಡನ್ ಗ್ಯಾಲಪ್ ಅನ್ನುವ ವಿಜ್ಞಾನಿ ಚಿಂಪಾಂಜಿಗಳನ್ನು ಕೆಲವು ದಿನ ಕನ್ನಡಿಗೆ ರೂಢಿ ಮಾಡಿಸಿ, ಆಮೇಲೆ ಎಚ್ಚರ ತಪ್ಪಿಸಿ ಹುಬ್ಬಿನ ಹತ್ತಿರ ಕೆಂಪು ಬಣ್ಣ ಹಚ್ಚಿದರು. ಎದ್ದು ಕನ್ನಡಿ ನೋಡಿದ ಚಿಂಪಾಂಜಿಗಳು ತಮ್ಮ ಹುಬ್ಬನ್ನೇ ಮುಟ್ಟಿಕೊಂಡವು. ಅದು ತಾವೇ ಅಂತ ಅವಕ್ಕೆ ಗೊತ್ತಿತ್ತು. ಹುಟ್ಟಿನಿಂದ ಒಂಟಿಯಾಗಿ ಬೆಳೆಸಿದ ಚಿಂಪಾಂಜಿಗಳ ಮೇಲೂ ಮುಂದೆ ಇದೇ ಪರೀಕ್ಷೆ ಮಾಡಿದರು. ಅವು ತಮ್ಮನ್ನು ಗುರುತಿಸಿಕೊಳ್ಳಲಿಲ್ಲ. ತನ್ನಂಥ ಇನ್ನೊಂದು ಜೀವವನ್ನೇ ನೋಡದೆ ಬೆಳೆದದ್ದಕ್ಕೆ ಕನ್ನಡಿಯಲ್ಲಿ ತಾನೂ ಸಿಗಲಿಲ್ಲ. ಇದನ್ನು ನೆನೆದರೆ ನನಗೆ ಈಗಲೂ ಸಂಕಟ ಆಗುತ್ತದೆ.

ಮನುಷ್ಯರ ಮಕ್ಕಳಲ್ಲಿ ಕನ್ನಡಿಯಲ್ಲಿ ತನ್ನನ್ನು ಗುರುತಿಸುವುದು ಸುಮಾರು ಒಂದೂವರೆಯಿಂದ ಎರಡು ವರ್ಷದೊಳಗೆ ಬರುತ್ತದೆ ಅಂತ ಪಾಶ್ಚಾತ್ಯ ದೇಶಗಳ ಅಧ್ಯಯನಗಳು ಹೇಳುತ್ತವೆ. ಆದರೆ ಕೀನ್ಯಾದಲ್ಲಿ ಅದೇ ಪರೀಕ್ಷೆ ಮಾಡಿದಾಗ ಅದಕ್ಕಿಂತ ಎಷ್ಟೋ ದೊಡ್ಡ ಮಕ್ಕಳು ಕೂಡ ಮುಖದ ಮೇಲಿನ ಗುರುತನ್ನು ಮುಟ್ಟಿಕೊಳ್ಳದೆ ಕನ್ನಡಿ ಮುಂದೆ ಸುಮ್ಮನೆ ನಿಂತುಬಿಟ್ಟರು. ಆ ಮಕ್ಕಳಿಗೆ 'ನಾನು' ಅನ್ನುವುದೇ ಇಲ್ಲ ಅಂತ ಯಾರಾದರೂ ಹೇಳಲು ಸಾಧ್ಯವಾ? ಸುಮ್ಮನೆ ನಿಂತ ಮಗುವಿನ ಒಳಗೆ ಏನೂ ಇಲ್ಲ ಅಂದುಕೊಳ್ಳುವುದು ದೊಡ್ಡವರ ತಪ್ಪು. ನನ್ನ ಮೇಷ್ಟ್ರು ಮಾಡಿದ ತಪ್ಪೂ ಅದೇ.

ಆ ಜಗಲಿಗೆ ವಾಪಸ್ ಬರುತ್ತೇನೆ. ಲೈನ್ ಮಕ್ಕಳು ಆಡುತ್ತಿದ್ದದ್ದು 'ಮೇಸ್ತ್ರಿ ಆಟ'. ಒಬ್ಬ ಮೇಸ್ತ್ರಿ ಆಗಿ, "ಏಯ್, ಕಾಯಿ ಯಾಕೆ ಕಿತ್ತೆ? ಹಣ್ಣು ಮಾತ್ರ ಕುಯ್ಯಿ ಅಂದಿಲ್ವಾ?" ಅಂತ ಗದರುತ್ತಿದ್ದ. ಇನ್ನೊಬ್ಬ ನಮ್ಮಪ್ಪ ಆಗುತ್ತಿದ್ದ! ಕಿವಿಗೆ ಕಡ್ಡಿ ಸಿಕ್ಕಿಸಿಕೊಂಡು, ಬಾಳೆ ಎಲೆಯ ಚೂರಿನ ಮೇಲೆ ಹಾಜರಿ ಹಾಕುತ್ತಿದ್ದ. ನಮ್ಮಪ್ಪ ಹೊರಗಿನವರ ಕಣ್ಣಿಗೆ ಹೇಗೆ ಕಾಣುತ್ತಾರೆ ಅಂತ ನಾನು ಮೊದಲು ತಿಳಿದದ್ದು ಆ ಹುಡುಗನಿಂದ.

ಅಮೆರಿಕದ ಷಿಕಾಗೊದಲ್ಲಿ ಪಾಠ ಮಾಡುತ್ತಿದ್ದ ತತ್ವಶಾಸ್ತ್ರಜ್ಞ ಜಾರ್ಜ್ ಹರ್ಬರ್ಟ್ ಮೀಡ್ ಅವರಿಗೆ ಈ ಆಟ ಸಿಕ್ಕಿದ್ದರೆ ಖುಷಿಪಡುತ್ತಿದ್ದರು. ಅವರು 1931ರಲ್ಲಿ ತೀರಿಕೊಂಡ ಮೇಲೆ ವಿದ್ಯಾರ್ಥಿಗಳ ನೋಟ್ಸ್‌ನಿಂದಲೇ ಅವರ ಪಾಠಗಳನ್ನು ಪುಸ್ತಕ ಮಾಡಿದರು. ಮಗು ಮೊದಲು ಒಬ್ಬೊಬ್ಬರ ಪಾತ್ರ ಹಾಕುತ್ತದೆ, ಅಮ್ಮ, ಟೀಚರ್, ಮೇಸ್ತ್ರಿ. ಬೇರೆಯವರಾಗಿ ನಿಂತು ತನ್ನನ್ನೇ ನೋಡಲು ಕಲಿಯುತ್ತದೆ. ಸ್ವಲ್ಪ ದೊಡ್ಡದಾದ ಮೇಲೆ ನಿಯಮ ಇರುವ ಆಟಕ್ಕೆ ಬರುತ್ತದೆ. ಮೀಡ್ ಬೇಸ್‌ಬಾಲ್ ಉದಾಹರಣೆ ಕೊಟ್ಟರು, ನಮಗೆ ಲಗೋರಿ ಸಾಕು. ಚೆಂಡು ಯಾರ ಕೈಯಲ್ಲಿದೆ, ಕಲ್ಲು ಜೋಡಿಸುವವಳಿಗೆ ಯಾರು ಅಡ್ಡ ನಿಲ್ಲಬೇಕು, ಎದುರು ಗುಂಪಿನವರು ನನ್ನಿಂದ ಏನು ನಿರೀಕ್ಷೆ ಮಾಡುತ್ತಿದ್ದಾರೆ, ಇದೆಲ್ಲ ಒಟ್ಟಿಗೆ ತಲೆಯಲ್ಲಿ ಇರಬೇಕು. ಆಗ ಒಬ್ಬ ಅಮ್ಮ, ಒಬ್ಬ ಮೇಷ್ಟ್ರು ಅನ್ನುವುದು ಹೋಗಿ 'ನಾಲ್ಕು ಜನ' ಅನ್ನುವುದು ಮನಸ್ಸಿನೊಳಗೆ ಬಂದು ಕೂರುತ್ತದೆ. "ನಾಲ್ಕು ಜನ ಏನಂತಾರೆ" ಅಂತ ನಮ್ಮ ಮನೆಗಳಲ್ಲಿ ಹೇಳುತ್ತಾರಲ್ಲ, ಆ ನಾಲ್ಕು ಜನ.

ಹಾಗಂತ ಮೀಡ್ ನಮ್ಮನ್ನು ಹಸಿ ಮಣ್ಣು ಅನ್ನಲಿಲ್ಲ. ಕನ್ನಡದಲ್ಲಿ ಹೇಳುವುದಾದರೆ, 'ನನ್ನನ್ನು' ಅನ್ನುವ ಭಾಗ ಜನ ನೋಡಿದ್ದರಿಂದ ಆಗುತ್ತದೆ. ಅದಕ್ಕೆ ಎದುರು ಮಾತಾಡುವ, ಯಾರೂ ಎಣಿಸದ ಹೆಜ್ಜೆ ಇಡುವ ಇನ್ನೊಂದು ಭಾಗ ಇದೆ, ಅದು 'ನಾನು'. ಎರಡೂ ಸೇರಿಯೇ ಮನುಷ್ಯ.

ಹುಟ್ಟಿನಿಂದ ಬರುವುದು ಏನೂ ಇಲ್ಲವಾ? ಇದೆ. ಅವಳಿ ಮಕ್ಕಳ ಅಧ್ಯಯನಗಳ ಪ್ರಕಾರ ಜನರ ಸ್ವಭಾವದಲ್ಲಿ ಕಾಣುವ ವ್ಯತ್ಯಾಸದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟಕ್ಕೆ ವಂಶವಾಹಿಗಳು ಕಾರಣ. ನಾನು ಹುಟ್ಟಾ ಸಂಕೋಚದವಳೇ ಇರಬಹುದು. ಆದರೆ ಸಂಕೋಚ ಬೇರೆ, ಮೂಗಿ ಬೇರೆ. ಮೊದಲನೆಯದು ನನ್ನದು. ಎರಡನೆಯದು ಕೊಟ್ಟದ್ದು.

ಅದು ಬಿಟ್ಟುಹೋಗಿದ್ದು ಹೇಗೆ ಅಂತ ಹೇಳುತ್ತೇನೆ, ನಿಮಗೆ ಉಪಯೋಗ ಆಗುವುದು ಇದೇ. ಪಿಯುಸಿಗೆ ಚಿಕ್ಕಮಗಳೂರಿನ ಒಂದು ಹಾಸ್ಟೆಲ್ ಸೇರಿದೆ. ಅಲ್ಲಿ ಅಡುಗೆ ಮಾಡುತ್ತಿದ್ದ ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಒಂದು ಬೆಳಿಗ್ಗೆ ಬಿಸಿನೀರಿಗೆ ಹೋದವಳ ಕೈಗೆ ಪೇಪರ್ ಕೊಟ್ಟು, "ಮಗಾ, ಅಡಿಕೆ ರೇಟು ಎಷ್ಟಾಗಿದೆ ಓದು" ಅಂದರು. ಕೊಪ್ಪದ ಕಡೆ ಅವರ ತಮ್ಮನಿಗೆ ಚೂರು ತೋಟ ಇತ್ತು. ನನ್ನ ಹಳೆಯ ಹೆಸರು ಅವರಿಗೆ ಗೊತ್ತೇ ಇರಲಿಲ್ಲ. ನಾನು ಓದಿದೆ. "ಜೋರಾಗಿ ಓದು ಮಗಾ, ಒಲೆ ಸದ್ದಲ್ಲಿ ಕೇಳಲ್ಲ" ಅಂದರು. ಜೋರಾಗಿ ಓದಿದೆ. ಮರುದಿನವೂ ಕರೆದರು. ಎರಡು ವರ್ಷ ದಿನಾ ಓದಿದೆ. ರೇಟು, ಮಳೆ, ಅಪಘಾತ, ಮದುವೆ ಜಾಹೀರಾತು ಎಲ್ಲ. ಬರಬರುತ್ತಾ ಬೇರೆ ಹುಡುಗಿಯರೂ ತಟ್ಟೆ ಹಿಡಿದು ಬಂದು ನಿಲ್ಲುತ್ತಿದ್ದರು. "ನಮ್ಮ ಓದೋ ಹುಡುಗಿ" ಅಂತ ಅಜ್ಜಿ ಬಂದವರಿಗೆಲ್ಲ ತೋರಿಸುತ್ತಿದ್ದರು.

ನನಗೆ ಯಾರೂ ಧೈರ್ಯದ ಭಾಷಣ ಮಾಡಲಿಲ್ಲ. "ನಾಳೆಯಿಂದ ಮಾತಾಡುತ್ತೇನೆ" ಅಂತ ಡೈರಿಯಲ್ಲಿ ಎಷ್ಟು ಸಲ ಬರೆದಿದ್ದೆನೋ, ಒಂದು ದಿನವೂ ನಡೆದಿರಲಿಲ್ಲ. ನಿಜವಾಗಿ ಬೇಕಾದ ಒಂದು ಕೆಲಸಕ್ಕೆ ಒಬ್ಬರು ನನ್ನನ್ನು ಕರೆದರು, ಅದೂ ದಿನಾ ಕರೆದರು. ಅದರಿಂದ ಆಯಿತು.

ಹೀಗೆ ಯಾಕಾಗುತ್ತದೆ ಅನ್ನುವುದಕ್ಕೆ ನನಗೆ ಸರಿ ಅನ್ನಿಸಿದ್ದು ರಷ್ಯಾದ ಮನಶ್ಶಾಸ್ತ್ರಜ್ಞ ಲೆವ್ ವೈಗೋಟ್‌ಸ್ಕಿ ಅವರ ಮಾತು. 1934ರಲ್ಲಿ, ಬರೀ 37 ವರ್ಷಕ್ಕೆ ಕ್ಷಯದಿಂದ ತೀರಿಕೊಂಡವರು. ಮಗುವಿನ ಯೋಚನೆ ಮೊದಲು ಇಬ್ಬರ ನಡುವಿನ ಮಾತಾಗಿರುತ್ತದೆ, ಆಮೇಲೆ ಒಳಗೆ ಹೋಗುತ್ತದೆ ಅಂತ ಅವರ ವಾದ. ಮಗು ಆಡುತ್ತಾ ತನ್ನಷ್ಟಕ್ಕೆ ಗೊಣಗುವುದನ್ನು ನೋಡಿದ್ದೀರಲ್ಲ, "ಬಿದ್ದೀಯ ಹುಷಾರು" ಅಂತ? ಅದು ಅಮ್ಮನ ಮಾತು. ಸ್ವಲ್ಪ ಸಮಯಕ್ಕೆ ಆ ಗೊಣಗಾಟ ಸದ್ದಿಲ್ಲದ ಯೋಚನೆ ಆಗುತ್ತದೆ. ನಮ್ಮ ತಲೆಯೊಳಗೆ ಮಾತಾಡುವುದು ನಮ್ಮದೇ ದನಿ ಅಂದುಕೊಂಡಿರುತ್ತೇವೆ, ಆದರೆ ಅದು ಯಾರ್‍ಯಾರದೋ. ಇವತ್ತಿಗೂ ಸ್ಟಾಫ್ ಮೀಟಿಂಗಿನಲ್ಲಿ ಎದ್ದು ನಿಂತಾಗ ನನಗೆ ಮೊದಲು 'ಮೂಗಿ' ಅಂತ ಕೇಳಿಸುತ್ತದೆ. ಅದರ ಹಿಂದೆಯೇ "ಜೋರಾಗಿ ಓದು ಮಗಾ" ಅಂತ ಕೇಳಿಸುತ್ತದೆ. ಮಾತಾಡುತ್ತೇನೆ.

ಟೀಚರ್ ಆಗಿ ಇದರ ಭಾರ ನನಗೆ ಗೊತ್ತು. 1968ರಲ್ಲಿ ರಾಬರ್ಟ್ ರೋಸೆಂಥಾಲ್ ಮತ್ತು ಲೆನೋರ್ ಜೇಕಬ್‌ಸನ್ ಕ್ಯಾಲಿಫೋರ್ನಿಯಾದ ಒಂದು ಶಾಲೆಯ ಪ್ರಯೋಗವನ್ನು ಪ್ರಕಟಿಸಿದರು. ಕೆಲವು ಮಕ್ಕಳ ಹೆಸರು ಕೊಟ್ಟು, ಇವರು ಈ ವರ್ಷ ಚೆನ್ನಾಗಿ ಮುಂದೆ ಬರುತ್ತಾರೆ ಅಂತ ಪರೀಕ್ಷೆಯಿಂದ ಗೊತ್ತಾಗಿದೆ ಅಂತ ಶಿಕ್ಷಕರಿಗೆ ಹೇಳಿದ್ದರು. ಹೆಸರುಗಳನ್ನು ಚೀಟಿ ಎತ್ತಿದ ಹಾಗೆ ಸುಮ್ನೆ ಆರಿಸಿದ್ದರು. ವರ್ಷದ ಕೊನೆಗೆ ಒಂದನೇ, ಎರಡನೇ ತರಗತಿಯಲ್ಲಿ ಆ ಮಕ್ಕಳ ಬುದ್ಧಿಮತ್ತೆಯ ಅಂಕ ಉಳಿದವರಿಗಿಂತ ಜಾಸ್ತಿ ಏರಿತ್ತು. ಮೇಲಿನ ತರಗತಿಗಳಲ್ಲಿ ಅಷ್ಟು ಕಾಣಲಿಲ್ಲ. ಈ ಪರಿಣಾಮ ಎಷ್ಟು ದೊಡ್ಡದು ಅಂತ ಆಮೇಲೆ ತುಂಬ ವಾದ ನಡೆದಿದೆ, ಸಣ್ಣದೇ ಅನ್ನುವವರು ಇದ್ದಾರೆ. ಸಣ್ಣದೇ ಇರಲಿ. ಒಂದನೇ ಕ್ಲಾಸಿನ ಮಗುವಿಗೆ ಅಂಟಿಸುವ ಹೆಸರಿನ ಬಗ್ಗೆ ನಾನು ತುಂಬ ಹೆದರುತ್ತೇನೆ.

ಈಗ ನಿಮ್ಮ ವಿಷಯ. ಊರಲ್ಲಿ ಒಂದು ಥರ, ಆಫೀಸಲ್ಲಿ ಒಂದು ಥರ ಇರುವುದು ಮೋಸ ಅಂತ ನಿಮಗೆ ಅನ್ನಿಸುತ್ತಿದೆ. ನನಗೆ ಹಾಗೆ ಅನ್ನಿಸುವುದಿಲ್ಲ. ಒಬ್ಬ ಮನುಷ್ಯನನ್ನು ಎಷ್ಟು ಜನ ಗುರುತಿಸುತ್ತಾರೋ ಅವನಿಗೆ ಅಷ್ಟು ಸಾಮಾಜಿಕ 'ನಾನು'ಗಳು ಅಂತ ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1890ರಲ್ಲೇ ಬರೆದಿದ್ದರು. ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ ಸ್ಕಾಟ್‌ಲೆಂಡಿನ ಶೆಟ್‌ಲ್ಯಾಂಡ್ ದ್ವೀಪದ ಒಂದು ಹೋಟೆಲಿನಲ್ಲಿ, ಅಡುಗೆಮನೆಯಲ್ಲಿ ಒಂದು ಥರ ಇರುವ ಕೆಲಸದವರು ಬಾಗಿಲು ದಾಟಿ ಅತಿಥಿಗಳ ಮುಂದೆ ಬಂದ ಕೂಡಲೇ ಬೇರೆಯಾಗುವುದನ್ನು ಗಮನಿಸಿದ್ದರು. ನಮ್ಮ ಮಲೆನಾಡಿನ ಯಾವ ಹೋಂಸ್ಟೇಗೆ ಹೋದರೂ ಇದು ಕಾಣುತ್ತದೆ. ನನ್ನ ನಾದಿನಿ ಜಗಲಿಯಲ್ಲಿ "ಬನ್ನಿ ಸಾರ್, ಕಾಫಿ ತಗೊಳ್ಳಿ" ಅನ್ನುತ್ತಾಳೆ. ಒಳಗೆ ಬಂದು "ಕಡುಬು ಬೆಂತಾ ಮಾರಾಯ್ತಿ, ಬೇಗ ನೋಡೇ" ಅನ್ನುತ್ತಾಳೆ. ಎರಡೂ ಅವಳೇ. ಜಗಲಿಯಲ್ಲಿ ತೋರುವ ಪ್ರೀತಿಯೂ ಸುಳ್ಳಲ್ಲ.

ನಮ್ಮ ಕಡೆ ಹೊಸಬರನ್ನು ಕಂಡರೆ ಮೊದಲು ಕೇಳುವುದು "ನೀನು ಯಾರ ಪೈಕಿ?" ಅಂತ ಅಲ್ವಾ? ನಿಮ್ಮ ವಯಸ್ಸಿನಲ್ಲಿ ಆ ಪ್ರಶ್ನೆ ಉಸಿರು ಕಟ್ಟಿಸುತ್ತದೆ, ನನಗೂ ಕಟ್ಟಿಸಿತ್ತು. ಆದರೆ ನಮ್ಮ ಊರಿಗೇ ಹೆಸರು ಬಂದದ್ದು ಹಾಗೆ. ಸಖರಾಯಪಟ್ಟಣದ ರುಕ್ಮಾಂಗದ ರಾಜ ಚಿಕ್ಕ ಮಗಳಿಗೆ ಬಳುವಳಿ ಕೊಟ್ಟದ್ದು ಚಿಕ್ಕಮಗಳೂರು, ದೊಡ್ಡವಳಿಗೆ ಕೊಟ್ಟದ್ದು ಹಿರೇಮಗಳೂರು ಅನ್ನುತ್ತದೆ ಐತಿಹ್ಯ. ಊರು ಕೂಡ ಯಾರದೋ ಮಗಳಾಗಿ, ಯಾರದೋ ತಂಗಿಯಾಗಿಯೇ ಗುರುತಾಗಿದೆ.

ಅಪ್ಪನ ಮುಂದೆ ಬಾಯಿ ಕಟ್ಟುವ ವಿಷಯಕ್ಕೆ ನಾನು ಹೇಳುವುದು ಒಂದೇ: ಅವರು ನಿಮ್ಮನ್ನು ಏನಂದುಕೊಂಡಿದ್ದಾರೆ ಅನ್ನುವುದು ನಿಮ್ಮ ಊಹೆ. ಸಮಾಜಶಾಸ್ತ್ರಜ್ಞ ಕೂಲಿ ಹೇಳಿದ ಆ ಎರಡು ಊಹೆಗಳಲ್ಲಿ ಒಂದು ತಪ್ಪಿದರೂ ಇಡೀ ಕನ್ನಡಿ ಸೊಟ್ಟ. ನಾಲ್ಕು ವರ್ಷದ ಹಿಂದೆ ಕಳಸದಲ್ಲಿ ಒಂದು ಮದುವೆಗೆ ಹೋಗಿದ್ದೆ. ಪ್ರೈಮರಿಯ ಸಹಪಾಠಿ ಒಬ್ಬಳು ಸಿಕ್ಕಿದಳು. ಲೈನ್ ಮನೆಯವಳು, ಈಗ ಅಂಗನವಾಡಿಯಲ್ಲಿದ್ದಾಳೆ. ಮೂಗಿ ಅನ್ನುತ್ತಿದ್ದಿರಲ್ಲ ಅಂದೆ. ಅವಳಿಗೆ ಅದು ಅಷ್ಟು ನೆನಪೇ ಇರಲಿಲ್ಲ. "ನಿಂಗೆ ಜಂಬ ಅಂದ್ಕೊಂಡಿದ್ವಿ ಕಣೇ. ರೈಟರ್ ಮಗಳು, ನಮ್ಮ ಹತ್ರ ಎಂತಕ್ಕೆ ಮಾತಾಡ್ತಾಳೆ ಅಂತ" ಅಂದಳು. ನಾನು ಹೆದರಿ ಸುಮ್ಮನಿದ್ದೆ, ಅವರು ನನಗೆ ಹೆದರಿ ದೂರ ಇದ್ದರು. ನನ್ನ ಕೈ ಹಿಡಿದುಕೊಂಡೇ ಊಟಕ್ಕೆ ಕೂತಳು.

ಮುಂದಿನ ಸಲ ಊರಿಗೆ ಬಂದಾಗ ಅಪ್ಪನ ಜೊತೆ ತೋಟಕ್ಕೆ ಹೋಗಿ. ಎದುರು ಬದುರು ಕೂತು ಮಾತಾಡುವುದು ಕಷ್ಟ. ಕೈಗೆ ಕೆಲಸ ಇದ್ದರೆ ಮಾತು ತಾನಾಗಿ ಬರುತ್ತದೆ. 23ರಲ್ಲಿ ಅವರು ಹೇಗಿದ್ದರು ಅಂತ ಕೇಳಿ. ಆಫೀಸಿನಲ್ಲಿ ನೀವು ನಗಿಸಿದ ಒಂದು ಘಟನೆ ಹೇಳಿ, ಅವರು ನಗದಿದ್ದರೂ ಪರವಾಗಿಲ್ಲ. ನಾನು ನಮ್ಮಪ್ಪನ ಹತ್ತಿರ ಅಂಥ ಮಾತು ಆಡಿದ್ದು ಅವರು ರಿಟೈರ್ ಆದ ಮೇಲೆ, ಮನೆ ಮುಂದೆ ಮೆಣಸು ಒಣಹಾಕುತ್ತಾ. ಚಿಕ್ಕವಳಿದ್ದಾಗ ನಾನು ಮಾತಾಡದೇ ಇದ್ದದ್ದು ನಿಮಗೆ ಬೇಜಾರಾಗುತ್ತಿತ್ತಾ ಅಂತ ಕೇಳಿದೆ. ಅವರು ತಲೆ ಎತ್ತಿ ನೋಡಿದರು. "ಬೇಜಾರಾ? ಬಟವಾಡೆ ಹಿಂದಿನ ರಾತ್ರಿ ನಿನ್ನ ಪಕ್ಕದಲ್ಲಿ ಕೂರಿಸ್ಕೊಂಡೇ ನಾನು ಲೆಕ್ಕ ಬರೀತಿದ್ದದ್ದು. ನೀನಿದ್ರೆ ಒಂದು ಪೈಸೆ ತಪ್ತಿರಲಿಲ್ಲ."