ಅಮೆರಿಕದಲ್ಲಿ ಕಾಲೇಜು ಫುಟ್‌ಬಾಲ್ ಆಡುವ ಹುಡುಗಿ ವೃತ್ತಿಪರ ಆಟಗಾರ್ತಿ ಆಗೋದು ಹೇಗೆ?

ಸೋಫಿಯಾ ಸ್ಮಿತ್ (ಮದುವೆಯಾದ ಮೇಲೆ ಸೋಫಿಯಾ ವಿಲ್ಸನ್) ಅವರ ದಾರಿ ನೋಡಿದರೆ ಬೇಗ ಅರ್ಥವಾಗುತ್ತದೆ.

ಕೊಲರಾಡೊದ ಈ ಫಾರ್ವರ್ಡ್ (ಮುಂಚೂಣಿ ಆಟಗಾರ್ತಿ) 2018ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಸೇರಿದರು. ಮೊದಲ ಸೀಸನ್ ಗಾಯದಿಂದ ಅರ್ಧಕ್ಕೇ ನಿಂತಿತು. 2019ರಲ್ಲಿ ಮಾತ್ರ ಕಥೆಯೇ ಬೇರೆ. ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆ) ಟೂರ್ನಿಯ ಸೆಮಿಫೈನಲ್‌ನಲ್ಲಿ ಯುಸಿಎಲ್‌ಎ ವಿಶ್ವವಿದ್ಯಾಲಯದ ವಿರುದ್ಧ ಒಬ್ಬರೇ ಮೂರು ಗೋಲು ಹೊಡೆದರು! ಫೈನಲ್‌ನಲ್ಲಿ ನಾರ್ತ್ ಕ್ಯಾರೊಲಿನಾವನ್ನು ಪೆನಾಲ್ಟಿಯಲ್ಲಿ ಸೋಲಿಸಿ ಸ್ಟ್ಯಾನ್‌ಫರ್ಡ್ ಚಾಂಪಿಯನ್ ಆಯಿತು.

ಆಗ ಅಮೆರಿಕದ ವೃತ್ತಿಪರ ಮಹಿಳಾ ಲೀಗ್ (ಎನ್‌ಡಬ್ಲ್ಯುಎಸ್‌ಎಲ್) ಸೇರಲು ಮುಖ್ಯ ಬಾಗಿಲು ಡ್ರಾಫ್ಟ್. ಕ್ಲಬ್‌ಗಳು ಸರದಿಯಂತೆ ಕಾಲೇಜು ಆಟಗಾರ್ತಿಯರನ್ನು ಆರಿಸುತ್ತಿದ್ದವು. 'ನನಗೆ ಆ ಊರು ಬೇಡ' ಅಂದರೆ ಕೇಳುವವರು ಕಮ್ಮಿ. ಸೋಫಿಯಾ ಇನ್ನೂ ಎರಡು ವರ್ಷದ ಕಾಲೇಜು ಆಟ ಬಾಕಿ ಇರುವಾಗಲೇ 2020ರ ಡ್ರಾಫ್ಟ್‌ಗೆ ಹೆಸರು ಕೊಟ್ಟರು. ಪೋರ್ಟ್‌ಲ್ಯಾಂಡ್ ಥಾರ್ನ್ಸ್ ಕ್ಲಬ್ ಮೊದಲ ಆಯ್ಕೆಯಾಗಿ ಕರೆದುಕೊಂಡಿತು. ವಯಸ್ಸು ಬರೀ 19. ಅವಸರ ಮಾಡಿದರು ಅನ್ನಿಸಬಹುದು, ಅಲ್ವಾ? ಆದರೆ 2022ರಲ್ಲಿ ಲೀಗ್‌ನ ಅತ್ಯುತ್ತಮ ಆಟಗಾರ್ತಿ ಅವರೇ, ಕಪ್ಪೂ ಥಾರ್ನ್ಸ್‌ಗೇ. 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್ ಚಿನ್ನ.

ಈಗ ಡ್ರಾಫ್ಟ್ ಇಲ್ಲ. ಲೀಗ್ ಮತ್ತು ಆಟಗಾರ್ತಿಯರ ಸಂಘದ 2024ರ ಒಪ್ಪಂದದಲ್ಲಿ ಅದನ್ನು ತೆಗೆದುಹಾಕಿದರು. ಕಾಲೇಜು ಹುಡುಗಿ ತನಗೆ ಬೇಕಾದ ಕ್ಲಬ್ ಜೊತೆ ನೇರವಾಗಿ ಮಾತಾಡಿ ಸಹಿ ಹಾಕಬಹುದು.