‘ಕೊಟ್ಟ ಮೇಲೆ ಮುಗೀತು’ ಅಂದರೆ ನಂಬಬೇಡಿ

ಪ್ರಶ್ನೆ: ಕೊರಟಗೆರೆ ತಾಲ್ಲೂಕಿನವನು, ವಯಸ್ಸು 73. ನಾನೇ ದುಡಿದು ಕೊಂಡ ಒಂದೂವರೆ ಎಕರೆ ಅಡಿಕೆ ತೋಟವನ್ನು 2019ರಲ್ಲಿ ಮಗನಿಗೆ ದಾನಪತ್ರ ಮಾಡಿಕೊಟ್ಟೆ. ಹೆಂಡತಿ ಹೋದ ಮೇಲೆ ನನ್ನನ್ನು ಮೋಟರ್ ಶೆಡ್ಡಿಗೆ ಕಳಿಸಿದ್ದಾನೆ. ಒಂದು ಹೊತ್ತು ಮುದ್ದೆ ಬಂದರೆ ಇನ್ನೊಂದು ಹೊತ್ತು ಇಲ್ಲ. ಬಿಪಿ ಮಾತ್ರೆಗೂ ಮಗಳನ್ನು ಕೇಳಬೇಕು. ತೋಟ ವಾಪಸ್ ಸಿಗುತ್ತದೆಯೇ? ಊರಲ್ಲಿ ‘ಕೊಟ್ಟ ಮೇಲೆ ಮುಗೀತು’ ಅಂತಾರೆ.

ಉತ್ತರ: ಮುಗಿದಿಲ್ಲ ಯಜಮಾನರೇ. ಆದರೆ ತೋಟ ಬೇರೆ, ಊಟ ಬೇರೆ. ಎರಡನ್ನೂ ಒಂದೇ ಗಂಟು ಕಟ್ಟಿಕೊಂಡು ಓಡಾಡಬೇಡಿ.

ಮೊದಲು ತೋಟ. ಸಬ್‌ರಿಜಿಸ್ಟ್ರಾರ್ ಕಚೇರಿಯಿಂದ ದಾನಪತ್ರದ ದೃಢೀಕೃತ ನಕಲು ತೆಗೆಸಿ, ಯಾರ ಕೈಲಾದರೂ ಪೂರ್ತಿ ಓದಿಸಿ. ‘ಪ್ರೀತಿ ವಿಶ್ವಾಸದಿಂದ ಕೊಟ್ಟಿರುತ್ತೇನೆ’ ಎಂಬ ಸಾಲು ಇದ್ದೇ ಇರುತ್ತದೆ. ಪತ್ರ ಬರೆಯುವವರಿಗೆ ಅದು ಬಾಯಿಪಾಠ. ನಮಗೆ ಬೇಕಿರುವುದು ‘ನನ್ನನ್ನು ಕೊನೆತನಕ ನೋಡಿಕೊಳ್ಳತಕ್ಕದ್ದು’ ಅನ್ನುವಂಥ ಮಾತು. ಅದಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಪ್ರಕಾರ ಆ ದಾನವನ್ನು ರದ್ದು ಮಾಡಿಸಬಹುದು. ಷರತ್ತೇ ಇಲ್ಲದಿದ್ದರೆ ಈ ಕಲಂ ಒದಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. 2025ರ ಜನವರಿಯಲ್ಲಿ ಅದೇ ಕೋರ್ಟು ಮಧ್ಯಪ್ರದೇಶದ ಒಬ್ಬ ತಾಯಿಯ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಅಲ್ಲಿ ದಾನಪತ್ರದ ಜೊತೆಗೆ ಮಗ ಬರೆದುಕೊಟ್ಟ ವಚನಪತ್ರವೂ ಇತ್ತು. ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕೆಂದು ಹೇಳಿ ಕೋರ್ಟು ಆಸ್ತಿಯನ್ನು ತಾಯಿಗೆ ಮರಳಿಸಿತು. ಹಾಗಾಗಿ ನೀವೂ ನೆನಪು ಮಾಡಿಕೊಳ್ಳಿ: ರಿಜಿಸ್ಟರ್ ದಿನ ಮಗ ಬೇರೆ ಕಾಗದಕ್ಕೆ ರುಜು ಹಾಕಿದ್ದನೇ? ಟ್ರಂಕಿನ ತಳದಲ್ಲಿ ಒಂದು ಛಾಪಾ ಕಾಗದ ಸಿಕ್ಕರೂ ಕೆಲಸಕ್ಕೆ ಬರುತ್ತದೆ.

ಏನೂ ಸಿಗದಿದ್ದರೂ ಊಟ-ಔಷಧಿಯ ಹಕ್ಕಿಗೆ ಧಕ್ಕೆಯಿಲ್ಲ. ಜೀವನಾಂಶಕ್ಕೆ ದಾನಪತ್ರದ ಷರತ್ತು ಬೇಕಿಲ್ಲ. ಸ್ವಂತ ಆದಾಯದಲ್ಲಿ ನಿಮ್ಮ ಬದುಕು ನಡೆಯುತ್ತಿಲ್ಲ ಎನ್ನುವುದೇ ಸಾಕು. ನಿಮ್ಮ ತಾಲ್ಲೂಕಿಗೆ ಮಧುಗಿರಿಯ ಉಪವಿಭಾಗಾಧಿಕಾರಿ, ಅಂದರೆ ಎ.ಸಿ. ಸಾಹೇಬರೇ ನ್ಯಾಯಮಂಡಳಿ. ವಕೀಲರಿಲ್ಲದೆ ನೀವೇ ಅರ್ಜಿ ಕೊಡಬಹುದು, ನಿಮ್ಮ ಪರವಾಗಿ ಮಗಳಾದರೂ ಕೊಡಬಹುದು. ತಿಂಗಳಿಗೆ ಗರಿಷ್ಠ 10,000 ರೂಪಾಯಿವರೆಗೆ ಆದೇಶವಾಗುತ್ತದೆ. ನೋಟಿಸ್ ಮುಟ್ಟಿದ 90 ದಿನದಲ್ಲಿ ತೀರ್ಮಾನ ಆಗಬೇಕು ಅನ್ನುತ್ತದೆ ಕಾಯ್ದೆ. ಕಚೇರಿಗಳ ನಡಿಗೆ ನಿಮಗೂ ಗೊತ್ತು, ಆದ್ದರಿಂದ ಮಧ್ಯಂತರ ಜೀವನಾಂಶವನ್ನು ಅದೇ ಅರ್ಜಿಯಲ್ಲಿ ಕೇಳಿ. ಒಂದು ಎಚ್ಚರಿಕೆ: ಮಗಳೂ ಕಾಯ್ದೆಯ ಕಣ್ಣಿಗೆ ಮಕ್ಕಳೇ. ‘ಅಕ್ಕನನ್ನೂ ಸೇರಿಸಿ’ ಎಂದು ಮಗ ಕೇಳಬಹುದು. ಮಗಳಿಗೆ ಇದನ್ನು ಈಗಲೇ ಹೇಳಿಡಿ.

ಅರ್ಜಿ ಬರೆಯಲು ಕಷ್ಟವಾದರೆ 14567ಕ್ಕೆ ಫೋನ್ ಮಾಡಿ, ಹಿರಿಯರ ಸಹಾಯವಾಣಿ. ಹೊರಡುವ ಮುಂಚೆ ತೋಟದ ಪಹಣಿ ತೆಗೆಸಿ 11ನೇ ಕಾಲಂ ನೋಡಿಸಿ. ಮಗ ಬ್ಯಾಂಕಿನಲ್ಲಿ ಸಾಲ ಎತ್ತಿದ್ದರೆ ಅಲ್ಲಿ ಬಂದಿರುತ್ತದೆ, ಅದನ್ನೂ ಅರ್ಜಿಯಲ್ಲಿ ಬರೆಯಬೇಕು.