ಪ್ರಕರಣ: ಊಟ ಬಿಟ್ಟರೂ ಬಿಡದ ಹೊಟ್ಟೆನೋವು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಪ್ರೌಢಶಾಲೆಯ ಶಿಕ್ಷಕಿ, ವಯಸ್ಸು 34. ಎರಡು ವರ್ಷದಿಂದ ವಾರಕ್ಕೆ ಮೂರ್ನಾಲ್ಕು ದಿನ ಕೆಳಹೊಟ್ಟೆ ನುಲಿತ. ಕಕ್ಕಸಿಗೆ ಹೋಗಿಬಂದರೆ ಹಗುರ, ಸ್ವಲ್ಪ ಹೊತ್ತಿಗೆ ಮತ್ತೆ ಶುರು. ರಕ್ತಹೀನತೆ ಇಲ್ಲ. ಸೀಲಿಯಾಕ್ (ಗೋಧಿಯ ಗ್ಲೂಟೆನ್‌ನಿಂದ ಕರುಳು ಕೆಡುವ ಕಾಯಿಲೆ) ಪರೀಕ್ಷೆ, ಕರುಳಿನ ಉರಿಯೂತ ತೋರಿಸುವ ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ಎರಡೂ ಸಹಜ. ವೈದ್ಯರು ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್, ಕರುಳು ಅತಿಸೂಕ್ಷ್ಮವಾಗುವ ತೊಂದರೆ) ಎಂದು ಗುರುತಿಸಿ ನಮ್ಮಲ್ಲಿಗೆ ಕಳಿಸಿದ್ದರು.

ಬರುವಷ್ಟರಲ್ಲಿ ಅವರು ಹಾಲು, ಗೋಧಿ, ಬೇಳೆ, ಹಣ್ಣು ಎಲ್ಲ ಬಿಟ್ಟು ಅನ್ನ, ತಿಳಿಸಾರು, ಮಜ್ಜಿಗೆಗೆ ಇಳಿದಿದ್ದರು. ಬಸ್ಸಿನಲ್ಲಿ ಅವಸರವಾದೀತೆಂದು ತಿಂಡಿಯೂ ಇಲ್ಲ. 11ಕ್ಕೆ ಬರಿಹೊಟ್ಟೆಗೆ ಕಾಫಿ, ಮಧ್ಯಾಹ್ನ ಹೊಟ್ಟೆ ಬಿರಿಯುವಷ್ಟು ಊಟ. "ಇನ್ನೇನು ಬಿಡಲಿ ಹೇಳಿ ಮೇಡಂ" ಎಂಬುದೇ ಅವರ ಮೊದಲ ಪ್ರಶ್ನೆ.

ಬಿಡುವುದಕ್ಕೆ ಏನೂ ಉಳಿದಿರಲಿಲ್ಲ. ಮರಳಿ ಸೇರಿಸಬೇಕಾದ್ದೇ ಬಹಳ ಇತ್ತು. ಐಬಿಎಸ್‌ನಲ್ಲಿ ಕರುಳಿನ ನರಗಳು ಮಾಮೂಲಿ ಗಾಳಿಯನ್ನೂ ನೋವೆಂದೇ ಮೆದುಳಿಗೆ ತಿಳಿಸುತ್ತವೆ. ನೋವು ಬಂದೀತೆಂಬ ಭಯ ಆ ಸೂಕ್ಷ್ಮತೆಯನ್ನು ಇನ್ನಷ್ಟು ಏರಿಸುತ್ತದೆ. ಜಠರ ತುಂಬಿದೊಡನೆ ದೊಡ್ಡಕರುಳು ಹಿಂಡಿಕೊಳ್ಳುವುದು ಎಲ್ಲರಿಗೂ ಸಹಜ. ಇವರಿಗೆ ಆ ಹಿಂಡುವಿಕೆ ಶಾಲೆಯಲ್ಲಿ, ಪಾಠದ ನಡುವೆ ಆಗುತ್ತಿತ್ತು.

ಹಾಗಾಗಿ ಮೊದಲ ಸಲಹೆ ತಿಂಡಿಯದು: ಮನೆ ಬಿಡುವ ಒಂದೂವರೆ ಗಂಟೆ ಮೊದಲು ಎರಡು ಇಡ್ಲಿ, ಆಮೇಲೆ ಅವಸರವಿಲ್ಲದೆ ಕಕ್ಕಸಿಗೆ ಸಮಯ. ಮಧ್ಯಾಹ್ನದ ಊಟ ಅರ್ಧಕ್ಕೆ ಇಳಿಸಿ, ಉಳಿದದ್ದು ಸಂಜೆಗೆ. ಎರಡು ವಾರ ಬೇರೇನೂ ಬದಲಿಸದೆ ತಿಂದದ್ದು, ನೋವು (0–10), ಮಲದ ಸ್ವರೂಪ, ಆ ಹೊತ್ತಿನ ಆತಂಕ ಇಷ್ಟನ್ನೇ ಬರೆಯುವುದು. ಎರಡು ಬದಲಾವಣೆ ಒಟ್ಟಿಗೆ ಮಾಡಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ.

ಟಿಪ್ಪಣಿಯಲ್ಲಿ ಎದ್ದು ಕಂಡದ್ದು ಈರುಳ್ಳಿ, ಬೆಳ್ಳುಳ್ಳಿ. ಸಾರಿನಿಂದ ಹೋಳು ಎತ್ತಿಟ್ಟರೆ ಸಾಕೆಂದು ಅವರು ನಂಬಿದ್ದರು. ಸಾಲದು: ಅವುಗಳಲ್ಲಿನ ಫ್ರಕ್ಟಾನ್ (ಕರುಳಿನಲ್ಲಿ ಹುದುಗಿ ಗಾಳಿ ಮಾಡುವ ಪಿಷ್ಟದಂಥ ಅಂಶ) ನೀರಿಗೆ ಇಳಿಯುತ್ತದೆ. ಎಣ್ಣೆಗೆ ಇಳಿಯುವುದಿಲ್ಲ, ಬೆಳ್ಳುಳ್ಳಿ ಎಸಳನ್ನು ಒಗ್ಗರಣೆಯ ಎಣ್ಣೆಯಲ್ಲಿ ಹುರಿದು, ತೆಗೆದು, ಆ ಎಣ್ಣೆಯನ್ನಷ್ಟೇ ಸಾರಿಗೆ ಹಾಕಿದರೆ ರುಚಿ ಉಳಿಯುತ್ತದೆ. ನಾಲ್ಕು ವಾರದ ನಂತರ ಹಾಲು, ಗೋಧಿ, ಬೇಳೆ ಒಂದೊಂದಾಗಿ, ಮೂರು ದಿನ ಪ್ರಮಾಣ ಏರಿಸುತ್ತಾ ಪರೀಕ್ಷೆ. ಈಸಬಗೋಲು ದಿನಕ್ಕೆ ಒಂದು ಚಮಚದಿಂದ ಶುರು, ದೊಡ್ಡ ಲೋಟ ನೀರಿನೊಂದಿಗೆ. ಗೋಧಿ ತೌಡು ಬೇಡ, ಹೊಟ್ಟೆಯುಬ್ಬರ ಹೆಚ್ಚುತ್ತದೆ.

ಕರುಳಿನ ಸೆಳೆತ ಸಡಿಲಿಸಲು ವೈದ್ಯರು ಬರೆದ ಮೆಬೆವೆರಿನ್ ಅನ್ನು ನೋವು ಬಂದ ಮೇಲೆ ನುಂಗುತ್ತಿದ್ದರು. ಅದು ಊಟಕ್ಕೆ 20 ನಿಮಿಷ ಮುಂಚಿನ ಮಾತ್ರೆ. ಆಗೀಗ ನುಂಗುತ್ತಿದ್ದ ಟ್ರಮಡಾಲ್ (ಅಫೀಮು ಜಾತಿಯ ನೋವುನಿವಾರಕ) ನಿಲ್ಲಿಸುವ ಬಗ್ಗೆ ವೈದ್ಯರ ಜೊತೆ ಮಾತಾಡಲು ಹೇಳಿದೆವು: ಆ ಜಾತಿಯ ಮಾತ್ರೆ ಕರುಳಿನ ಚಲನೆ ಕುಗ್ಗಿಸಿ ದಿನಕಳೆದಂತೆ ನೋವನ್ನೇ ಹೆಚ್ಚಿಸಬಹುದು. ನುಲಿತ ಬಂದಾಗ ಬಟ್ಟೆ ಸುತ್ತಿದ ಬಿಸಿನೀರ ಚೀಲ 15 ನಿಮಿಷ; ಹೊಟ್ಟೆ ಮೇಲೇಳುವಂತೆ 4 ಎಣಿಸಿ ಉಸಿರೊಳಗೆ, 6 ಎಣಿಸಿ ಹೊರಗೆ. ಇದನ್ನು ನೋವಿಲ್ಲದಾಗಲೇ ದಿನಕ್ಕೆರಡು ಸಲ, ಹತ್ತು ನಿಮಿಷ ರೂಢಿಸಬೇಕು. ನೋವಿನಲ್ಲೇ ಕಲಿಯಹೊರಟರೆ ಬರುವುದಿಲ್ಲ.

ತೂಕ ಇಳಿದರೆ, ಮಲದಲ್ಲಿ ರಕ್ತ ಕಂಡರೆ, ಜ್ವರ ಬಂದರೆ, ನೋವು ರಾತ್ರಿ ನಿದ್ದೆಯಿಂದ ಎಬ್ಬಿಸಿದರೆ ಇದಾವುದಕ್ಕೂ ಕಾಯದೆ ವೈದ್ಯರಲ್ಲಿಗೆ.

ಎಂಟನೇ ವಾರಕ್ಕೆ ನೋವು 7ರಿಂದ 4ಕ್ಕೆ ಇಳಿದಿತ್ತು, ಗೋಧಿ ಚಪಾತಿ ಎರಡು ಸಲೀಸು. ಬಸ್ಸಿನ ಭಯ ಹಾಗೇ ಇದೆ. ಸದ್ಯ ಭಾನುವಾರಗಳಂದು ತಿಂಡಿ ತಿಂದು ಒಂದು ನಿಲ್ದಾಣ ದೂರ ಹೋಗಿಬರುತ್ತಿದ್ದಾರೆ. ಮುಂದಿನ ವಾರ ಎರಡು.